ಎಡಬಲ ಅದಲುಬದಲಾದ ಒಡಲು

ಲಂಡನ್ನಿನ ಗ್ರೇಟ್ ವಿಂಡ್‌ಮಿಲ್ ಬೀದಿಯ ಅಂಗರಚನಾ ಶಾಲೆಗೆ ಛೇದನಕ್ಕೆಂದು ಬಂದಿದ್ದ ಶವವೊಂದರಲ್ಲಿ ಮ್ಯಾಥ್ಯೂ ಬೇಯ್ಲಿ ಎಂಬ ತರುಣ ವೈದ್ಯರು ಕಂಡದ್ದು ಕನ್ನಡಿಯೊಳಗಿನ ದೇಹವನ್ನು. ಹೃದಯದ ತುದಿ ಬಲಕ್ಕೆ, ಯಕೃತ್ತು ಎಡಕ್ಕೆ, ಗುಲ್ಮ ಬಲಕ್ಕೆ! 1788ರಲ್ಲಿ ಅವರ ಈ ವರದಿ, ಜಾನ್ ಹಂಟರ್ ಅವರಿಗೆ ಬರೆದ ಪತ್ರದ ರೂಪದಲ್ಲಿ, ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಮಾರು 10,000 ಮಂದಿಗೆ ಒಬ್ಬರಲ್ಲಿ ಹೀಗಿರುತ್ತದೆಂದು ಇಂದಿನ ಅಂದಾಜು. ಎಷ್ಟೋ ಮಂದಿ ಇದನ್ನು ಅರಿಯದೆಯೇ ಬಾಳಿ ಮುಗಿಸುತ್ತಾರೆ. ತೊಡಕು ಹುಟ್ಟುವುದು ಶಸ್ತ್ರ ಒಳಹೊಕ್ಕಾಗ.

ಅದರಲ್ಲಿಯೂ ಯಕೃತ್ತು ರಕ್ತದಿಂದ ತುಂಬಿದ ಅಂಗ. ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಅವರು ಮಹಿಳೆಯೊಬ್ಬರ ಯಕೃತ್ತಿನ ಭಾಗವನ್ನು ಕತ್ತರಿಸಿ ತೆಗೆದುದನ್ನು 1888ರಲ್ಲಿ ವರದಿ ಮಾಡಿದರು. ಆಕೆ ಬದುಕಿದರು, ಆದರೆ ರಕ್ತಸ್ರಾವವಾಗಿ ಹೊಟ್ಟೆಯನ್ನು ಮತ್ತೆ ತೆರೆಯಬೇಕಾಗಿತ್ತು. ಈ ಅಂಗಕ್ಕೆ ನಂಬಲರ್ಹ ನಕ್ಷೆ ದೊರೆತದ್ದು 1957ರಲ್ಲಿ. ಫ್ರಾನ್ಸಿನ ಕ್ಲೋದ್ ಕ್ವಿನೋ ಅವರು ರಕ್ತನಾಳಗಳ ಜಾಡು ಹಿಡಿದು ಯಕೃತ್ತನ್ನು 8 ಖಂಡಗಳಾಗಿ ವಿಂಗಡಿಸಿದರು.

ಕೀಹೋಲ್ ಶಸ್ತ್ರಚಿಕಿತ್ಸೆ ಬಂದುದು ಆಮೇಲೆ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಅವರು ಪಿತ್ತಕೋಶವನ್ನು ಈ ಬಗೆಯಲ್ಲಿ ತೆಗೆದಾಗ ಸಹೋದ್ಯೋಗಿಗಳು ಮೂಗು ಮುರಿದರು. ಮುಂಬಯಿಯಲ್ಲಿರುವ ನಮ್ಮ ಓದುಗರಿಗೆ ಜೆ.ಜೆ. ಆಸ್ಪತ್ರೆಯನ್ನು ಪರಿಚಯಿಸಬೇಕಿಲ್ಲ, 1990ರಲ್ಲಿ ಡಾ. ತೆಹೆಂಟನ್ ಉಡ್ವಾಡಿಯಾ ಅವರು ಭಾರತದಲ್ಲಿ ಈ ಶಸ್ತ್ರಕ್ರಿಯೆಗೆ ನಾಂದಿ ಹಾಡಿದ್ದು ಅಲ್ಲಿಯೇ. ಮರುವರ್ಷವೇ ಅಂಗಗಳು ಅದಲುಬದಲಾಗಿದ್ದ ರೋಗಿಯೊಬ್ಬರ ಪಿತ್ತಕೋಶವನ್ನು ಹೀಗೆ ತೆಗೆದ ವರದಿಯೂ ಅಮೆರಿಕದಿಂದ ಬಂದಿತು. ಯಕೃತ್ತಿನ ಗಡ್ಡೆಗಳ ವಿಷಯದಲ್ಲಿ ಮಾತ್ರ ವೈದ್ಯರು ಬಹುಕಾಲ ಹಿಂಜರಿದರು. ರಕ್ತ ಚಿಮ್ಮಿದರೆ ಒತ್ತಿಹಿಡಿಯಲು ಒಳಗೆ ಕೈಯಿರುವುದಿಲ್ಲವಷ್ಟೆ. ತಜ್ಞರು ಲೂಯಿವಿಲ್‌ನಲ್ಲಿ ಸೇರಿ ರೂಪಿಸಿದ ಒಮ್ಮತದ ಹೇಳಿಕೆ ಪ್ರಕಟವಾಗುವ ಹೊತ್ತಿಗೆ 2009 ಆಗಿತ್ತು.

ಈ ಎರಡು ಕತೆಗಳೂ ಕೂಡುವಲ್ಲಿ ಶಸ್ತ್ರಚಿಕಿತ್ಸಕರ ವರ್ಷಗಳ ಅಭ್ಯಾಸವೇ ಅವರಿಗೆ ಎದುರಾಳಿ. ಮೇಜಿನ ಆಚೆ ಬದಿಗೆ ಸರಿದು ನಿಲ್ಲಬೇಕು, ಪರದೆಯನ್ನು ಸ್ಥಳಾಂತರಿಸಬೇಕು, ರಂಧ್ರಗಳನ್ನು ಎದುರು ಪಕ್ಕದಲ್ಲಿ ಕೊರೆಯಬೇಕು. ಬಲಗೈ ಮಾಡುತ್ತಿದ್ದ ನಾಜೂಕಿನ ಕೆಲಸ ಎಷ್ಟೋ ಬಾರಿ ಎಡಗೈಯ ಪಾಲಿಗೆ ಬರುತ್ತದೆ. ಬರೆಯುವ ಕೈಯನ್ನು ಒಂದು ದಿನ ಬದಲಿಸಿ ಕಡತಕ್ಕೆ ಸಹಿ ಹಾಕಲು ಹೊರಟರೆ ನಮ್ಮ ಪಾಡು ಏನಾದೀತು!

ನಾವು ಆರಂಭದಲ್ಲಿ ಬಳಸಿದ ಕನ್ನಡಿಯ ಉಪಮೆಯೂ ಇಲ್ಲಿ ಅರ್ಧ ಸತ್ಯ. ಕೆಲವರಲ್ಲಿ ಅಂಗಗಳ ಸ್ಥಾನವಷ್ಟೇ ಅಲ್ಲ, ನಾಳಗಳ ದಾರಿಯೂ ಬೇರೆ: ದ್ವಾರಾಭಿಧಮನಿ ಸಣ್ಣಕರುಳಿನ ಮೊದಲ ಭಾಗದ ಮುಂದೆ ಹಾದಿರಬಹುದು, ಕೆಳ ಮಹಾಸಿರೆ ನಡುವೆ ಕಡಿದು, ರಕ್ತ ಬೇರೊಂದು ಸಿರೆಯ ಮೂಲಕ ಹೃದಯ ಸೇರುತ್ತಿರಬಹುದು. ಕ್ವಿನೋ ನಕ್ಷೆಯನ್ನು ಮಗುಚಿ ಹಿಡಿದರೆ ಇವು ಸಿಗವು. ಆದ್ದರಿಂದ ಮೊದಲೇ ಸಿ.ಟಿ. ಚಿತ್ರಗಳಿಂದ ಆ ಒಬ್ಬ ರೋಗಿಯ ನಾಳಗಳ ನಕ್ಷೆಯನ್ನು ಸಿದ್ಧಪಡಿಸುತ್ತಾರೆ. ಶಸ್ತ್ರಕ್ರಿಯೆಯ ನಡುವೆ ಅಲ್ಟ್ರಾಸೌಂಡ್ ಸಲಾಕೆಯನ್ನು ಯಕೃತ್ತಿನ ಮೇಲಿಟ್ಟು ಪರೀಕ್ಷಿಸುತ್ತಾರೆ.

ಈ ವಿಷಯದ ಸಾಹಿತ್ಯವೂ ಬಹುಪಾಲು ಒಬ್ಬೊಬ್ಬ ರೋಗಿಯ ವೃತ್ತಾಂತವೇ. ಮೆಕೆಂಜಿಯ ಕಾಲದ ಊರೂರ ಕೈಫಿಯತ್ತುಗಳಂತೆ, ಹಿಂದಿನವರು ತಮ್ಮ ರೋಗಿಯಲ್ಲಿ ಕಂಡದ್ದನ್ನು ಬರೆದಿಟ್ಟಿದ್ದಾರೆ. ಮುಂದಿನವರು ತಮ್ಮ ರೋಗಿಯನ್ನು ಮೇಜಿನ ಮೇಲೆ ಮಲಗಿಸುವ ಮುನ್ನ ಅದನ್ನು ಓದುತ್ತಾರೆ.