ನೀರಿನ ಲೆಕ್ಕ, ಭಾಗ 4: ಮಳೆತೋಟದ ಹಿಂದೆ ಒಬ್ಬ ಬಿಲ್ಡರ್

ನಮ್ಮ ಮನೆ ಗೇಟ್ ಪಕ್ಕ ಒಂದಿಷ್ಟು ಮಣ್ಣು ಉಳಿದಿದೆ. ಸೋಮವಾರ ಮೇಸ್ತ್ರಿ ಬಂದು ಅದಕ್ಕೂ ಕಾಂಕ್ರೀಟ್ ಹಾಕ್ತಾರೆ. ಕೆಸರಾಗಲ್ಲ ಅಂತ ಅಪ್ಪನ ವಾದ. ಆದ್ರೆ ಮಳೆ ಬಂದ್ರೆ ನಮ್ಮ ನೀರೆಲ್ಲ ಇಳಿಜಾರಿನ ಕೆಳಗಿನ ಮನೆಯವರ ಬಾಗಿಲಿಗೆ ಹೋಗುತ್ತೆ. ಆ ಜಾಗ ಉಳಿಸೋಕೆ ಹುಡುಕ್ತಾ ಹೋದಾಗ ಸಿಕ್ಕ ಕಥೆ ಇದು.

1990. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಪ್ರಿನ್ಸ್ ಜಾರ್ಜಸ್ ಕೌಂಟಿ, ವಾಷಿಂಗ್ಟನ್ ಪಕ್ಕದಲ್ಲೇ. ಡಿಕ್ ಬ್ರಿಂಕರ್ ಅನ್ನೋ ಬಿಲ್ಡರ್ ಅಲ್ಲಿ ಸಾಮರ್‌ಸೆಟ್ ಅನ್ನೋ ಲೇಔಟ್ ಮಾಡ್ತಿದ್ರು. ಆಗಿನ ಪದ್ಧತಿ ಏನಂದ್ರೆ, ಚಾವಣಿ ಮತ್ತು ರಸ್ತೆ ಮೇಲೆ ಬಿದ್ದ ನೀರನ್ನೆಲ್ಲ ಚರಂಡಿ, ಪೈಪಲ್ಲಿ ಹರಿಸಿ ಒಂದು ದೊಡ್ಡ ಹೊಂಡಕ್ಕೆ ತುಂಬೋದು. ಹೊಂಡ ಅಂದ್ರೆ ಜಾಗ, ಜಾಗ ಅಂದ್ರೆ ದುಡ್ಡು. ಬಿಕಾಂ ಓದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ ಬಿಡಿ.

ಒಂದು ಹೊಂಡದ ಬದಲು ಪ್ರತಿ ಅಂಗಳದಲ್ಲೂ ಚಿಕ್ಕ ತಗ್ಗು ಮಾಡಿ ಗಿಡ ನೆಟ್ರೆ ಹೇಗೆ? ಈ ಯೋಚನೆ ಹಿಡ್ಕೊಂಡು ಬ್ರಿಂಕರ್ ಕೌಂಟಿಯ ಪರಿಸರ ಇಲಾಖೆಯಲ್ಲಿದ್ದ ಲ್ಯಾರಿ ಕಾಫ್‌ಮನ್ ಹತ್ರ ಹೋದ್ರು. ಕಾಫ್‌ಮನ್ ಇಲ್ಲ ಅನ್ನಲಿಲ್ಲ. ನಂಗೆ ಆಶ್ಚರ್ಯ ಆಗಿದ್ದು ಇಲ್ಲೇ.

ಕೊನೆಗೆ ಮನೆಗೊಂದು ಮಳೆತೋಟ ಬಂತು, 300ರಿಂದ 400 ಚದರಡಿ. ಈಗ ಲೆಕ್ಕ ನೋಡಿ: ಮಾಮೂಲಿ ಚರಂಡಿ, ಫುಟ್‌ಪಾತ್ ಹಾಕಿದ್ರೆ ಸುಮಾರು 4 ಲಕ್ಷ ಡಾಲರ್. ಗಿಡ ನೆಟ್ಟ ತಗ್ಗುಕಾಲುವೆಗೆ ಆಗಿದ್ದು 1 ಲಕ್ಷ. ಮುಂದೆ ಅಳೆದಾಗ ಸಾಧಾರಣ ಮಳೆಯಲ್ಲಿ ಹರಿದು ಹೋಗೋ ನೀರು ಶೇ. 75ರಿಂದ 80ರಷ್ಟು ಕಮ್ಮಿ ಆಗಿತ್ತು! 1993ರಲ್ಲಿ ಕೌಂಟಿ ಇದಕ್ಕೊಂದು ಕೈಪಿಡಿನೇ ತಂತು.

ನಮ್ಮಜ್ಜಿ ಬಚ್ಚಲ ನೀರನ್ನ ಬಾಳೆ ಬುಡಕ್ಕೆ ಬಿಡ್ತಿದ್ರು. ಅವರಿಗೆ ಯಾರೂ ಕೈಪಿಡಿ ಬರೆದಿರಲಿಲ್ಲ, ಅದು ಬೇರೆ ವಿಷ್ಯ.

ಕೆಲಸ ಮಾಡೋ ರೀತಿ ಸರಳ. ಬೋಗುಣಿ ಥರ ಸುಮಾರು ಅರ್ಧ ಅಡಿ ತಗ್ಗು, ಮರಳು ಮತ್ತು ಗೊಬ್ಬರ ಬೆರೆಸಿದ ಮಣ್ಣು, ಬೇರು ಆಳಕ್ಕೆ ಇಳಿಯೋ ಊರಿನ ಗಿಡಗಳು. ನೀರು ಒಂದೆರಡು ದಿನದಲ್ಲಿ ಇಂಗಬೇಕು. ಸೊಳ್ಳೆ ಬೆಳೆಯೋಕೆ ಹತ್ತಿರ ಹತ್ತಿರ ಒಂದು ವಾರ ನಿಂತ ನೀರು ಬೇಕು, ಹಾಗಾಗಿ "ಸೊಳ್ಳೆ ಬಂದ್ರೆ?" ಅಂದ ಅಪ್ಪನಿಗೆ ಉತ್ತರ ಸಿಕ್ತು. ಪಾಯದಿಂದ ಹತ್ತಡಿ ದೂರ ಇರಬೇಕು ಅಂತಾರೆ. ಟೇಪ್ ಹಿಡಿದು ಅಳೆದೆ: ಹನ್ನೊಂದು.

ನಿನ್ನೆ ಸಂಜೆ ಅಲ್ಲೊಂದು ಗುಂಡಿ ತೋಡಿ ಎರಡು ಬಕೆಟ್ ನೀರು ಸುರಿದೆ. ಬೆಳಿಗ್ಗೆ ಎದ್ದು ನೋಡಿದ್ರೆ ಅಪ್ಪನೇ ಟಾರ್ಚ್ ಹಿಡ್ಕೊಂಡು ಒಳಗೆ ಬಗ್ಗಿ ನೋಡ್ತಿದ್ರು. ನೀರು ಇರ್ಲಿಲ್ಲ. ಮೇಸ್ತ್ರಿಗೆ ಇನ್ನೂ ಫೋನ್ ಮಾಡಿಲ್ಲ.