ಯಾವ ಕೊಳವೆಬಾವಿಯ ನೀರು? ಫ್ಲೋರೈಡ್ ವರದಿಗಳ ವಿಶ್ವಾಸಾರ್ಹತೆ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಸೀಮೆಯಲ್ಲಿ ಕುಡಿಯುವ ನೀರಿನ ಗುಣಮಟ್ಟದ ಚರ್ಚೆ ಫ್ಲೋರೈಡಿನಿಂದಲೇ ಶುರುವಾಗುತ್ತದೆ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಅದನ್ನು ಗುರುತಿಸಲಾಗದು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಲ್ಲಿ ಬೆನ್ನು-ಕೀಲುಗಳ ಬಿಗಿತ ಕಾಣಿಸುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಮೂಳೆಗಳ ಫ್ಲೋರೋಸಿಸ್ ಭಾರತದ ವೈದ್ಯಕೀಯ ದಾಖಲೆಗೆ ಬಂದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಇಂದು ನಮ್ಮ ಬಳಿ ಅಂಕಿಗಳು ಹೇರಳವಾಗಿವೆ. ಆದರೆ ಅಂಕಿ ಯಾವ ನೀರಿನದು ಎಂಬುದು ಬಹಳ ಸಲ ಅಸ್ಪಷ್ಟ.

ಇದಕ್ಕೆ ಕಾರಣ ನೆಲದಡಿಯಲ್ಲಿದೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ, ಅದರಲ್ಲಿ ಬೈಕಾರ್ಬೊನೇಟ್ ಹೆಚ್ಚಿ ಕ್ಯಾಲ್ಸಿಯಂ ತಗ್ಗಿದಷ್ಟೂ, ಫ್ಲೋರೈಡ್ ಹೆಚ್ಚು ಕರಗುತ್ತದೆ. ಆದ್ದರಿಂದ ಒಂದೇ ಊರಿನ ಎರಡು ಕೊಳವೆಬಾವಿಗಳ ಪ್ರಮಾಣ ಬೇರೆಬೇರೆ ಇರಬಹುದು. ಬೇಸಿಗೆಯಲ್ಲಿ ಒಂದು ಬೋರ್ ಬತ್ತಿತೆಂದರೆ ನೀರಗಂಟಿ ಇನ್ನೊಂದರ ನೀರನ್ನು ಅದೇ ಟ್ಯಾಂಕಿಗೆ ಹರಿಸುತ್ತಾನೆ. ಆ ಕ್ಷಣದಿಂದ ಹಳೆಯ ವರದಿ ಆ ನಲ್ಲಿಗೆ ಅನ್ವಯಿಸುವುದಿಲ್ಲ. ಜಿಲ್ಲೆಯ ಸರಾಸರಿಯಂತೂ ಮನೆಯವರಿಗೆ ಯಾವ ಉಪಯೋಗಕ್ಕೂ ಬಾರದು.

ಅಳತೆಯ ವಿಧಾನವನ್ನೂ ನೋಡಬೇಕು. ಜಲ ಜೀವನ್ ಮಿಷನ್ ಅಡಿ ಹಳ್ಳಿಯ ಮಹಿಳೆಯರಿಗೆ ತರಬೇತಿ ಕೊಟ್ಟು ಕ್ಷೇತ್ರ ಪರೀಕ್ಷಾ ಕಿಟ್ ಒದಗಿಸಿರುವುದು ಒಳ್ಳೆಯ ಕೆಲಸ. ನೀರಿಗೆ ಜಿರ್ಕೋನಿಯಂ ಬಣ್ಣದ ದ್ರಾವಣ ಬೆರೆಸಿದಾಗ ಫ್ಲೋರೈಡ್ ಇದ್ದಷ್ಟೂ ಗುಲಾಬಿ ಹಳದಿಯತ್ತ ತಿರುಗುತ್ತದೆ; ಅದನ್ನು ಬಣ್ಣದ ಪಟ್ಟಿಯೊಡನೆ ಹೋಲಿಸಿ ಓದುತ್ತಾರೆ. ಅಪಾಯದ ಸುಳಿವು ಹಿಡಿಯಲು ಇಷ್ಟು ಸಾಕು. ಆದರೆ 1.4 ಮತ್ತು 1.6 ಮಿ.ಗ್ರಾಂ ನಡುವಣ ಅಂತರ ಕಣ್ಣಿಗೆ ತಿಳಿಯದು. ಅದಕ್ಕೆ ಪ್ರಯೋಗಾಲಯದ ಫ್ಲೋರೈಡ್ ಎಲೆಕ್ಟ್ರೋಡ್ ಬೇಕು. ಅಂಗಡಿಯವರು ಲೋಟಕ್ಕೆ ಅದ್ದಿ ತೋರಿಸುವ ಟಿ.ಡಿ.ಎಸ್. ಮೀಟರ್ ಅಳೆಯುವುದು ವಿದ್ಯುತ್ ವಾಹಕತೆಯನ್ನು, ಫ್ಲೋರೈಡನ್ನಲ್ಲ. ಅದು 300 ತೋರಿಸಿದ ನೀರಿನಲ್ಲೂ 2 ಮಿ.ಗ್ರಾಂ ಫ್ಲೋರೈಡ್ ಇರಬಹುದು. ಆ ಅಂಕಿಯನ್ನೇ ಶುದ್ಧತೆಯ ಪ್ರಮಾಣವೆಂದು ಜನರಿಗೆ ಹೇಳುವುದು ತಪ್ಪು.

ವರದಿಯ ಭಾಷೆಯಲ್ಲೂ ಒಂದು ಮರೆಮಾಚುವಿಕೆ ಉಂಟು. ಭಾರತೀಯ ಮಾನಕ 10500 (2012) ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಸ್ವೀಕಾರಾರ್ಹ, 1.5 ಮಿ.ಗ್ರಾಂ ಎಂಬುದು ಬೇರೆ ಜಲಮೂಲ ಇಲ್ಲದಾಗ ಮಾತ್ರ ಕೊಟ್ಟ ರಿಯಾಯಿತಿ. 1.4 ಬಂದ ನೀರಿಗೆ ‘ಮಿತಿಯೊಳಗಿದೆ’ ಎಂದು ಬರೆದರೆ ಆ ಷರತ್ತು ಓದುಗನಿಗೆ ಕಾಣುವುದೇ ಇಲ್ಲ. ಬಿಸಿಲಲ್ಲಿ ದುಡಿಯುವ ಕೂಲಿಕಾರರು ದಿನಕ್ಕೆ ಕುಡಿಯುವ ನೀರು ಹೆಚ್ಚು, ಆದ್ದರಿಂದ ಅದೇ ಸಾಂದ್ರತೆಯಲ್ಲೂ ಅವರ ದೇಹ ಸೇರುವ ಫ್ಲೋರೈಡ್ ಹೆಚ್ಚು. ಈ ಸೀಮೆಗೆ 1.5ನ್ನು ಸುರಕ್ಷಿತ ಗಡಿಯೆಂದು ಓದಬಾರದೆಂಬುದು ನನ್ನ ಖಚಿತ ನಿಲುವು.

ಹಾಗಾಗಿ ಪ್ರತಿ ಫಲಿತಾಂಶದ ಪಕ್ಕದಲ್ಲಿ ಕೊಳವೆಬಾವಿಯ ಸಂಖ್ಯೆ, ಆಳ, ಮಾದರಿ ತೆಗೆದ ದಿನ ಮತ್ತು ಪರೀಕ್ಷೆಯ ವಿಧಾನವನ್ನು ಗ್ರಾಮ ಪಂಚಾಯಿತಿಗಳು ಕಡ್ಡಾಯವಾಗಿ ಬರೆಯಬೇಕು. ಬೋರ್ ಬದಲಾದ ವಾರದೊಳಗೆ ಮರುಪರೀಕ್ಷೆ ನಡೆಸಬೇಕು. ಈ ವಿವರಗಳಿಲ್ಲದ ವರದಿಯನ್ನು ಗ್ರಾಮಸಭೆ ಒಪ್ಪಿಕೊಳ್ಳಬಾರದು.