ಸಮ ಎಂದರೆ ಎಷ್ಟು? – ಎರಡು ಕಾರ್ಬ್ಯುರೇಟರುಗಳ ಕಥೆ



ನಿಮ್ಮ ಬೀದಿಯಲ್ಲಿ ಎಲ್ಲಿಯಾದರೂ ಹಳೆಯ ಯೆಜ್ಡಿ ಮೋಟಾರ್ ಸೈಕಲ್ಲು ನಿಂತಿದ್ದರೆ ಅದರ ಹಿಂಬದಿಗೆ ಹೋಗಿ ನೋಡಿ. ಎಡಕ್ಕೊಂದು, ಬಲಕ್ಕೊಂದು, ಎರಡು ಹೊಗೆಕೊಳವೆಗಳು ಕಾಣುತ್ತವೆ. ಹಾಗಾದರೆ ಒಳಗೆ ಎರಡು ಸಿಲಿಂಡರುಗಳಿವೆಯೇ? ಇಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ತಯಾರಿಸಿದ 250 ಸಿ.ಸಿ. ಗಾಡಿಗಳಲ್ಲಿ ಇದ್ದದ್ದು ಒಂದೇ ಸಿಲಿಂಡರು. ಅದಕ್ಕೆ ಗಾಳಿ ಮತ್ತು ಪೆಟ್ರೋಲನ್ನು ಬೆರೆಸಿ ಉಣಿಸುತ್ತಿದ್ದದ್ದು ಒಂದೇ ಕಾರ್ಬ್ಯುರೇಟರು. ಒಂದೇ ಇರುವಲ್ಲಿ ಹೆಚ್ಚು–ಕಡಿಮೆಯ ಜಗಳವಿಲ್ಲ.

ಆದರೆ ಫರೀದಾಬಾದಿನ ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ಜಪಾನಿನ ಯಮಹಾ ವಿನ್ಯಾಸದಂತೆ ತಯಾರಿಸಲು ತೊಡಗಿದ ರಾಜದೂತ್ 350 ಹಾಗಲ್ಲ. 347 ಸಿ.ಸಿ. ಸಾಮರ್ಥ್ಯದ ಈ ಟೂ-ಸ್ಟ್ರೋಕ್ ಗಾಡಿಯಲ್ಲಿ ಸಿಲಿಂಡರು ಎರಡು, ಕಾರ್ಬ್ಯುರೇಟರೂ ಎರಡು. ಸವಾರನ ಬಲಗೈಯಲ್ಲಿರುವ ಥ್ರಾಟಲ್ ಮಾತ್ರ ಒಂದೇ. ಒಂದು ಕೈ ತಿರುಗಿಸಿದ್ದನ್ನು ಎರಡು ಯಂತ್ರಭಾಗಗಳು ಒಂದೇ ಸಮನಾಗಿ ಪಾಲಿಸಬೇಕು. ಪಾಲಿಸುತ್ತಿವೆ ಎಂದು ತಿಳಿಯುವುದು ಹೇಗೆ? ಮೋಟಾರ್ ಸೈಕಲ್ಲಿನ ಚರಿತ್ರೆಯಲ್ಲಿ ಈ ಸಣ್ಣ ಪ್ರಶ್ನೆ ಪಡೆದ ಉತ್ತರಗಳನ್ನು ಇಲ್ಲಿ ನೋಡೋಣ.

ಮೊದಲು ಕಾರ್ಬ್ಯುರೇಟರಿನ ಕೆಲಸವನ್ನು ನೆನಪಿಸಿಕೊಳ್ಳೋಣ. ಹರಿಯುವ ದ್ರವದ ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ ಎಂಬ ತತ್ವ ಡೇನಿಯಲ್ ಬರ್ನೂಲಿಯ 1738ರ ಗ್ರಂಥದಿಂದ ನಮಗೆ ಬಂದಿದೆ. ಇಟಲಿಯ ವೆಂಚುರಿ, ನಡು ಸಣ್ಣಗಿರುವ ಕೊಳವೆಯಲ್ಲಿ ಇದು ಹೇಗೆ ನಡೆಯುತ್ತದೆಂದು 1797ರಲ್ಲಿ ಪ್ರಕಟಿಸಿದ. ಸುಮಾರು ನೂರು ವರ್ಷಗಳ ಬಳಿಕ, 1893ರ ಹೊತ್ತಿಗೆ, ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ ಹಾಗೂ ಹಂಗೇರಿಯ ಬಾಂಕಿ ಮತ್ತು ಚೋಂಕಾ ಇದನ್ನು ಎಂಜಿನ್ನಿಗೆ ಅಳವಡಿಸಿದರು. ಎಂಜಿನ್ನು ಒಳಕ್ಕೆಳೆದ ಗಾಳಿ ಇಕ್ಕಟ್ಟಾದ ದಾರಿಯಲ್ಲಿ ವೇಗವಾಗಿ ನುಗ್ಗುತ್ತದೆ. ಅಲ್ಲಿ ಒತ್ತಡ ಇಳಿದು, ಪಕ್ಕದ ಪುಟ್ಟ ಬಟ್ಟಲಿನ ಪೆಟ್ರೋಲು ಸಣ್ಣ ರಂಧ್ರದ ಮೂಲಕ ತುಂತುರಾಗಿ ಮೇಲೇಳುತ್ತದೆ. ಮೋಟಾರ್ ಸೈಕಲ್ಲುಗಳಲ್ಲಿ ಗಾಳಿಯ ದಾರಿಗೆ ಸಾಮಾನ್ಯವಾಗಿ ಒಂದು ಜಾರುಬಾಗಿಲು ಇರುತ್ತದೆ. ಮೆಕ್ಯಾನಿಕ್ಕರು ಇದನ್ನು ಸ್ಲೈಡ್ ಎನ್ನುತ್ತಾರೆ. ಥ್ರಾಟಲ್ ತಿರುಗಿಸಿದಾಗ ತಂತಿಯು ಇದನ್ನು ಮೇಲೆತ್ತುತ್ತದೆ.

ಇನ್ನು ಎರಡು ಏಕೆ ಬೇಕಾದವು? ಇಂಗ್ಲೆಂಡಿನ ಟ್ರಯಂಫ್ ಕಂಪನಿ 1937ರ ತನ್ನ ಸ್ಪೀಡ್ ಟ್ವಿನ್ ಗಾಡಿಯಲ್ಲಿ ಎರಡು ಸಿಲಿಂಡರುಗಳಿಗೂ ಒಂದೇ ಕಾರ್ಬ್ಯುರೇಟರಿನಿಂದ ಉಣಿಸಿತು. ಆದರೆ ವೇಗದ ಆಸೆ ಬೆಳೆಯಿತು. ಒಂದೇ ಬಾಗಿಲಿನಲ್ಲಿ ಇಬ್ಬರು ನುಗ್ಗುವುದಕ್ಕಿಂತ ಒಬ್ಬೊಬ್ಬರಿಗೆ ಒಂದೊಂದು ಬಾಗಿಲಿದ್ದರೆ ಉಸಿರು ಸಲೀಸಲ್ಲವೇ? 1959ರ ಟ್ರಯಂಫ್ ಬಾನ್ನೆವಿಲ್ ಗಾಡಿಗೆ ಎರಡು ಆಮಲ್ ಕಾರ್ಬ್ಯುರೇಟರುಗಳು ಬಂದವು. 1969ರಲ್ಲಿ ಮಾರುಕಟ್ಟೆಗಿಳಿದ ಹೋಂಡಾ ಸಿಬಿ 750ರಲ್ಲಿ ಸಿಲಿಂಡರು ನಾಲ್ಕು, ಕಾರ್ಬ್ಯುರೇಟರು ನಾಲ್ಕು! ಅದರ ಮೊದಲ ಗಾಡಿಗಳಲ್ಲಿ ಒಂದು ಥ್ರಾಟಲಿನಿಂದ ಕವಲೊಡೆದ ನಾಲ್ಕು ತಂತಿಗಳಿದ್ದವು. ಅವನ್ನು ಸಮ ಮಾಡುವ ಕಷ್ಟ ಎಷ್ಟಿತ್ತೆಂದರೆ, ಸ್ವಲ್ಪ ಕಾಲದಲ್ಲೇ ನಾಲ್ಕು ಸ್ಲೈಡುಗಳನ್ನೂ ಒಂದೇ ಸರಳಿಗೆ ಜೋಡಿಸಿ ಎತ್ತುವ ವ್ಯವಸ್ಥೆ ಬಂದಿತು. ಹೆಚ್ಚು ಶಕ್ತಿ ಬಯಸಿದವರಿಗೆ ಹೆಚ್ಚು ಹೊಂದಾಣಿಕೆಯ ಹೊಣೆಯೂ ಬಂತು.

ಹೊಂದಾಣಿಕೆ ತಪ್ಪಿದರೆ ಏನಾಗುತ್ತದೆ? ಒಂದು ಸಿಲಿಂಡರು ದುಡಿಯುತ್ತದೆ, ಇನ್ನೊಂದು ಅದರ ಬೆನ್ನಿಗೆ ಬೀಳುತ್ತದೆ. ಗಾಡಿ ನಡುಗುತ್ತದೆ, ನಿಧಾನಗತಿಯಲ್ಲಿ ಮುಗ್ಗರಿಸುತ್ತದೆ, ಪೆಟ್ರೋಲು ಪೋಲಾಗುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ನಿಮಗೆ ಹೇಳಬೇಕು. ಬಿ.ಎಸ್ಸಿ. ಓದುತ್ತಿದ್ದ ದಿನಗಳಲ್ಲಿ ನನ್ನ ಮಾವನವರ ಹಳೆಯ ರಾಜದೂತ್ 350 ನನ್ನ ಕೈಗೆ ಬಂದಿತ್ತು. ಮನೆಯ ಹಿತ್ತಲಿನಲ್ಲಿ ಎರಡೂ ಕಾರ್ಬ್ಯುರೇಟರುಗಳನ್ನು ಬಿಚ್ಚಿ ತೊಳೆದು ಜೋಡಿಸಿದೆ. ಎರಡರ ತಿರುಪುಗಳನ್ನೂ ಎಣಿಸಿ, ಸರಿಯಾಗಿ ಒಂದೇ ಸುತ್ತಿಗೆ ನಿಲ್ಲಿಸಿದೆ. ಸುತ್ತು ಸಮವಾದರೆ ಗಾಳಿಯೂ ಸಮ, ಇದು ನನ್ನ ವಿಜ್ಞಾನ! ನಿಂತಲ್ಲಿ ಎಂಜಿನ್ನು ಹಿತವಾಗಿಯೇ ಗುನುಗಿತು. ಆದರೆ ಥ್ರಾಟಲನ್ನು ಸ್ವಲ್ಪ ತಿರುಗಿಸಿದ ಕೂಡಲೇ ಗಾಡಿ ಎಳೆದಾಡಿತು. ತಂತಿಗಳನ್ನು ಅಂದಾಜಿನಲ್ಲಿ ಬಿಗಿ ಮಾಡಿದೆ. ಎಳೆದಾಟ ಕಡಿಮೆಯಾದಂತೆ ತೋರಿತು. ಮರುದಿನ ಬೆಳಿಗ್ಗೆ ತಮ್ಮನನ್ನು ಹಿಂದೆ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತುವುದೆಂದು ನಿಶ್ಚಯವಾಗಿತ್ತು.

ಆ ಸಂಜೆ ಗಾಳಿ ತುಂಬಿಸಲು ಹೋದಾಗ ಒಬ್ಬ ಹಿರಿಯ ಮೆಕ್ಯಾನಿಕ್ಕರು ಎಂಜಿನ್ನಿನ ಸದ್ದು ಕೇಳಿ ತಡೆದರು. ಎಂಜಿನ್ನು ನಿಲ್ಲಿಸಿ, ಗಾಳಿಸೋಸಕದ ರಬ್ಬರುಗಳನ್ನು ತೆಗೆದು, ಎರಡು ಕಾರ್ಬ್ಯುರೇಟರುಗಳ ಬಾಯಿಗೂ ಒಂದೊಂದು ಬೆರಳಿಟ್ಟರು. “ಥ್ರಾಟಲ್ ಮೆಲ್ಲಗೆ ತಿರುಗಿಸಪ್ಪಾ” ಎಂದರು. ನಂತರ ನನ್ನ ಬೆರಳುಗಳನ್ನೇ ಅಲ್ಲಿಡಿಸಿದರು. ಎಡಗಡೆಯ ಸ್ಲೈಡು ಎದ್ದ ಎಷ್ಟೋ ಹೊತ್ತಿಗೆ ಬಲಗಡೆಯದು ಏಳುತ್ತಿತ್ತು! ತಿರುಪಿನ ಸುತ್ತು ಸಮವಿತ್ತು, ತಂತಿಯ ಸಡಿಲ ಸಮವಿರಲಿಲ್ಲ.

ಅವರು ಇನ್ನೊಂದನ್ನೂ ತೋರಿಸಿದರು. ಆ ಗಾಡಿಯಲ್ಲಿ ಥ್ರಾಟಲಿನ ತಂತಿ ಮೂರು ಕವಲಾಗುತ್ತದೆ: ಎರಡು ಕಾರ್ಬ್ಯುರೇಟರುಗಳಿಗೆ, ಮೂರನೆಯದು ಎಂಜಿನ್ನಿಗೆ ಎಣ್ಣೆ ಉಣಿಸುವ ಪಂಪಿಗೆ. ನಾನು ಎರಡನ್ನು ಎಳೆದಾಡಿ ಮೂರನೆಯದನ್ನು ಮರೆತಿದ್ದೆ. ಪಂಪು ಹಿಂದೆ ಬಿದ್ದಿತ್ತು. ಘಾಟಿಯ ಏರಿನಲ್ಲಿ ಎಣ್ಣೆ ಸಾಲದೆ ಪಿಸ್ಟನ್ನು ಕಚ್ಚಿಕೊಂಡರೆ ಹಿಂದಿನ ಚಕ್ರ ಒಮ್ಮೆಲೇ ಬಿಗಿದು ನಿಲ್ಲಬಹುದು. ತಿರುವಿನಲ್ಲಿ ಹಾಗಾಗಿದ್ದರೆ? ಆ ಪ್ರವಾಸವನ್ನು ಒಂದು ವಾರ ಮುಂದೂಡಿದೆವು.

ಬೆರಳಿನ ಈ ಉಪಾಯ ಟೂ-ಸ್ಟ್ರೋಕ್ ಗಾಡಿಗೆ ಸಾಕು. ಫೋರ್-ಸ್ಟ್ರೋಕ್ ಎಂಜಿನ್ನುಗಳಲ್ಲಿ, ಅದರಲ್ಲೂ ನಾಲ್ಕು ಕಾರ್ಬ್ಯುರೇಟರುಗಳಿದ್ದಲ್ಲಿ, ಇನ್ನೂ ಸೂಕ್ಷ್ಮವಾದ ಸಾಕ್ಷಿ ಬೇಕಾಯಿತು. ಅದು ಸಿಕ್ಕಿದ್ದು ಮೋಟಾರ್ ಸೈಕಲ್ಲಿಗಿಂತ ಎಷ್ಟೋ ಹಳೆಯದಾದ ಪ್ರಯೋಗದಲ್ಲಿ. 1643ರ ಸುಮಾರಿಗೆ ಇಟಲಿಯ ಟಾರಿಚೆಲ್ಲಿ ಪಾದರಸ ತುಂಬಿದ ಗಾಜಿನ ಕೊಳವೆಯನ್ನು ತಲೆಕೆಳಗೆ ನಿಲ್ಲಿಸಿ ವಾಯುವಿನ ಒತ್ತಡವನ್ನು ಕಣ್ಣಿಗೆ ತೋರಿಸಿದ್ದು ನಿಮ್ಮ ಪಠ್ಯದಲ್ಲಿದೆ. ಅದೇ ತತ್ವದ ಪಾದರಸದ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದನ್ನು ಒಂದೊಂದು ಸಿಲಿಂಡರಿನ ಗಾಳಿದಾರಿಗೆ ಜೋಡಿಸಿದರು. ಪಾದರಸದ ಮಟ್ಟಗಳು ಒಂದೇ ಸಾಲಿಗೆ ಬಂದರೆ ಕಾರ್ಬ್ಯುರೇಟರುಗಳು ಸಮ.

ಪಾದರಸ ವಿಷ. ಅದನ್ನು ಮನೆಗೆ ತರಬೇಡಿ. ಮನೆಯಲ್ಲಿ ದುರಸ್ತಿ ಮಾಡುವವರು ಕಂಡುಕೊಂಡ ದಾರಿ ಇದಕ್ಕಿಂತ ಸರಳ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಂದನ್ನು ಇಂಗ್ಲಿಷಿನ ಯು ಅಕ್ಷರದಂತೆ ಹಲಗೆಗೆ ಕಟ್ಟಿ, ತಳದಲ್ಲಿ ಸ್ವಲ್ಪ ಎಂಜಿನ್ ಎಣ್ಣೆ ಹಾಕಿ, ಎರಡು ತುದಿಗಳನ್ನು ಎರಡು ಸಿಲಿಂಡರುಗಳ ಗಾಳಿದಾರಿಗೆ ಜೋಡಿಸುತ್ತಾರೆ. ಎಂಜಿನ್ನು ನಡೆಯುತ್ತಿರುವಾಗ ಎಣ್ಣೆ ಒಂದು ಕಡೆಗೆ ಏರುತ್ತದೆ. ಏರಿದ ಕಡೆ ನಿರ್ವಾತ ಹೆಚ್ಚು, ಅಂದರೆ ಆ ಬದಿಯ ಬಾಗಿಲು ಹೆಚ್ಚು ಮುಚ್ಚಿದೆ ಎಂದರ್ಥ. ಅದನ್ನು ಒಂದಿಷ್ಟು ತೆರೆದರೆ ಎಣ್ಣೆ ಇಳಿದು ಸಮಕ್ಕೆ ಬರುತ್ತದೆ. ಪಾದರಸವು ಎಣ್ಣೆಗಿಂತ ಸುಮಾರು 15 ಪಟ್ಟು ಸಾಂದ್ರ. ಆದ್ದರಿಂದ ಪಾದರಸದಲ್ಲಿ 1 ಮಿಲಿಮೀಟರ್ ಕಾಣುವ ವ್ಯತ್ಯಾಸ ಎಣ್ಣೆಯಲ್ಲಿ ಸುಮಾರು 15 ಮಿಲಿಮೀಟರ್ ಕಾಣುತ್ತದೆ. ಅಗ್ಗದ ಉಪಕರಣವೇ ಹೆಚ್ಚು ಸೂಕ್ಷ್ಮ!

ಕೆಲವು ಎಚ್ಚರಿಕೆಗಳು ಅಗತ್ಯ. ಕಿಡಿಯ ಸಮಯ, ಕವಾಟದ ಅಂತರ, ರಬ್ಬರುಗಳ ಸೋರಿಕೆ ಇವನ್ನೆಲ್ಲ ಮೊದಲು ಸರಿಪಡಿಸಿ ಕೊನೆಗೆ ಈ ಕೆಲಸಕ್ಕೆ ಕೈಹಾಕಬೇಕು. ಕೊಳವೆ ಉದ್ದವಾಗಿರಲಿ. ವ್ಯತ್ಯಾಸ ಬಹಳವಿದ್ದರೆ ಅಥವಾ ಒಂದು ತುದಿ ಕಳಚಿದರೆ ಎಂಜಿನ್ನು ಎಣ್ಣೆಯನ್ನೇ ಕುಡಿದುಬಿಡುತ್ತದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಮುಚ್ಚಿದ ಕೋಣೆಯಲ್ಲಿ ಎಂಜಿನ್ನನ್ನು ಎಂದೂ ನಡೆಸಬಾರದು. ನಿಂತ ಗಾಡಿಗೆ ಎದುರುಗಾಳಿ ಇಲ್ಲವಾದ್ದರಿಂದ ಅದು ಬೇಗ ಕಾಯುತ್ತದೆ ಎಂಬುದನ್ನೂ ಮರೆಯಬಾರದು.

ಈಗ ಒಂದು ವಿಷಯವನ್ನು ಗಮನಿಸಿ. ಆ ಎಣ್ಣೆಯ ಕೊಳವೆಯ ಮೇಲೆ ಯಾವ ಅಂಕಿಯೂ ಇಲ್ಲ. ಒತ್ತಡ ಎಷ್ಟು ಎಂದು ಅದು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಎರಡರ ನಡುವೆ ವ್ಯತ್ಯಾಸವಿದೆಯೇ, ಇಲ್ಲವೇ, ಅಷ್ಟನ್ನೇ ಹೇಳುತ್ತದೆ. ನಿಮ್ಮ ಕಾಲೇಜಿನ ಪ್ರಯೋಗಾಲಯದ ವೀಟ್‌ಸ್ಟನ್ ಸೇತುವೆಯ ಕೆಲಸವೂ ಇದೇ ಅಲ್ಲವೇ? 1833ರಲ್ಲಿ ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ ರೂಪಿಸಿ, 1843ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಪ್ರಸಿದ್ಧಗೊಳಿಸಿದ ಆ ಮಂಡಲದಲ್ಲಿ ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬರುವುದನ್ನು ಕಾಯುತ್ತೇವೆ. ಇದಕ್ಕೆ ಶೂನ್ಯ ವಿಧಾನವೆಂದು ಹೆಸರು. ಸಂತೆಯ ತಕ್ಕಡಿಯ ಮುಳ್ಳೂ ಇದೇ ಜಾತಿಯದು. ನಾನು ತಿರುಪಿನ ಸುತ್ತುಗಳನ್ನು ಎಣಿಸಿ, ಅಂಕಿಯನ್ನು ನಂಬಿ ಮೋಸಹೋದೆ. ಆ ಹಿರಿಯರು ಏನನ್ನೂ ಎಣಿಸದೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ಸತ್ಯ ಕಂಡುಕೊಂಡರು. ಶೂನ್ಯ ವಿಧಾನ ಎಂಬ ಮಾತನ್ನು ಅವರು ಕೇಳಿರಲಿಕ್ಕಿಲ್ಲ. ನಾನು ಅದನ್ನು ಬರೆದು ಪರೀಕ್ಷೆಯಲ್ಲಿ ಅಂಕ ಪಡೆದಿದ್ದೆ!

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಹೊಗೆ ನಿಯಮಗಳು ಜಾರಿಗೆ ಬಂದ ಮೇಲೆ ಹೊಸ ಮೋಟಾರ್ ಸೈಕಲ್ಲುಗಳಲ್ಲಿ ಬಹುಪಾಲು ಕಾರ್ಬ್ಯುರೇಟರಿನ ಜಾಗವನ್ನು ವಿದ್ಯುನ್ಮಾನ ಇಂಧನ ಸಿಂಚನ ವ್ಯವಸ್ಥೆ ಪಡೆದಿದೆ. ಗಾಳಿ ಶುದ್ಧವಾಗುವುದಾದರೆ ಅದಕ್ಕಾಗಿ ಕೊರಗಬೇಕಾಗಿಲ್ಲ. ಆದರೆ ಎರಡು ಬೆರಳುಗಳಿಂದ ಸಮವನ್ನು ಹುಡುಕುತ್ತಿದ್ದ ಕೈಗಳು ಈಗ ವಯಸ್ಸಾದ ಕೈಗಳು. ನಿಮ್ಮ ಊರಿನಲ್ಲಿ ಅಂತಹವರೊಬ್ಬರು ಇನ್ನೂ ಅಂಗಡಿ ತೆರೆದಿದ್ದರೆ ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ ನಿಲ್ಲಿ. ಅವರು ನಿಮ್ಮ ಬೆರಳನ್ನು ಹಿಡಿದು ಕಾರ್ಬ್ಯುರೇಟರಿನ ಬಾಯಿಗೆ ಇಟ್ಟರೆ ಹಿಂಜರಿಯಬೇಡಿ.